ಹಳ್ಳಿಗೆ ನರ್ಸ್ ಬೇಕು, ಟೀಚರ್ ಬೇಕು, ಆದರೆ ಓದಿದ ಹೆಂಗಸರೇ ಇಲ್ಲ: ದುರ್ಗಾಬಾಯಿ ದೇಶಮುಖ್ ಏನು ಮಾಡಿದರು?

1954ರ ಆಗಸ್ಟ್. ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಹಳ್ಳಿ ಹೆಂಗಸರು ಮತ್ತು ಮಕ್ಕಳಿಗಾಗಿ ಒಂದು ಯೋಜನೆ ಶುರು ಮಾಡಿತು. ಸುಮಾರು 25 ಹಳ್ಳಿಗಳನ್ನು ಸೇರಿಸಿ ಒಂದು ಗುಂಪು. ಆ ಹಳ್ಳಿಗಳಲ್ಲಿ ಪುಟ್ಟ ಮಕ್ಕಳಿಗೆ ಬಾಲವಾಡಿ, ಬಸುರಿ ಬಾಣಂತಿಯರಿಗೆ ಆರೈಕೆ, ದೊಡ್ಡ ಹೆಂಗಸರಿಗೆ ಓದು ಬರಹ, ಜೊತೆಗೆ ನಾಲ್ಕು ಕಾಸು ತರುವ ಒಂದು ಕೈಕಸುಬು. ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ದುಡ್ಡೂ ಇತ್ತು, ಮೊದಲ ಪಂಚವಾರ್ಷಿಕ ಯೋಜನೆಯಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೆ ನೆರವು ಅಂತ 4 ಕೋಟಿ ರೂಪಾಯಿ ಎತ್ತಿಟ್ಟಿದ್ದರು.

ಕೆಲಸ ಮಾಡೋಕೆ ಜನ ಮಾತ್ರ ಇರಲಿಲ್ಲ.

ಗ್ರಾಮಸೇವಿಕೆ ಆಗಬೇಕು ಅಂದರೆ ಸ್ವಲ್ಪವಾದರೂ ಓದಿರಬೇಕು. ಹೆರಿಗೆ ಮಾಡಿಸುವ ತರಬೇತಿಗೆ ಸೇರಬೇಕು ಅಂದರೂ ಇಷ್ಟು ಕ್ಲಾಸ್ ಪಾಸ್ ಆಗಿರಬೇಕು ಅನ್ನೋ ನಿಯಮ. ಕಸುಬು ಕಲಿಸೋಳು ಲೆಕ್ಕ ಬರೆಯಬೇಕು. 1951ರ ಜನಗಣತಿ ಪ್ರಕಾರ ದೇಶದಲ್ಲಿ ಅಕ್ಷರ ಬಲ್ಲ ಹೆಂಗಸರು ನೂರಕ್ಕೆ ಒಂಬತ್ತು ಜನ. ಅವರಲ್ಲಿ ಹೆಚ್ಚಿನವರು ಪೇಟೆಯವರು. ಪೇಟೆಯಲ್ಲಿ ಮೆಟ್ರಿಕ್ (ಈಗಿನ ಎಸ್ಸೆಸ್ಸೆಲ್ಸಿ ಇದ್ದ ಹಾಗೆ) ಮುಗಿಸಿದ ಹುಡುಗಿಯನ್ನು ಬಸ್ಸೇ ಹೋಗದ ಹಳ್ಳಿಗೆ ಕಳಿಸೋಕೆ ಯಾವ ಮನೆಯವರು ಒಪ್ಪುತ್ತಾರೆ ಹೇಳಿ? ಬಂದರೂ ಉಳಿಯೋದು ಕಷ್ಟ. ಇರೋಕೆ ಮನೆ ಇಲ್ಲ, ಜೊತೆಗೆ ಯಾರಿಲ್ಲ, ರಾತ್ರಿ ಹೊತ್ತು ಹೆರಿಗೆಗೆ ಕರೆದರೆ ಒಬ್ಬಳೇ ಹೋಗಬೇಕು.

ಈ ಮಂಡಳಿಯ ಮೊದಲ ಅಧ್ಯಕ್ಷೆ ದುರ್ಗಾಬಾಯಿ ದೇಶಮುಖ್. ನಮ್ಮಲ್ಲಿ ಅವರ ಹೆಸರು ಗೊತ್ತಿರೋರು ಸಂವಿಧಾನ ಸಭೆಯಲ್ಲಿ ಇದ್ದ ಹದಿನೈದು ಹೆಂಗಸರಲ್ಲಿ ಒಬ್ಬರು ಅಂತ ಹೇಳುತ್ತಾರೆ, ಅಲ್ಲಿಗೆ ಮುಗೀತು. ನನಗೆ ಅವರ ಬದುಕಿನಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣೋದು ಮೇಲೆ ಹೇಳಿದ ಗಂಟನ್ನು ಅವರು ಬಿಚ್ಚಿದ ರೀತಿ. ಓದಿದ ಹೆಂಗಸರು ಪೇಟೆಯಿಂದ ಬರಲಿ ಅಂತ ಅವರು ಕಾಯಲಿಲ್ಲ. ಹಳ್ಳಿಯಲ್ಲೇ ಇದ್ದ, ಶಾಲೆ ಬಿಟ್ಟು ಹತ್ತು ಹದಿನೈದು ವರ್ಷ ಆಗಿದ್ದ, ಗಂಡ ಸತ್ತ ಅಥವಾ ಗಂಡ ಬಿಟ್ಟ ಹೆಂಗಸರನ್ನೇ ಕೂರಿಸಿ ಎರಡು ವರ್ಷ ಓದಿಸಿ ಪರೀಕ್ಷೆ ಕಟ್ಟಿಸಿದರು. ನೆರವು ಬೇಕಾಗಿದ್ದವಳೇ ಎರಡು ವರ್ಷ ಕಳೆದ ಮೇಲೆ ನೆರವು ಕೊಡೋಳಾಗಿ ಊರಿಗೆ ಹೋಗಬೇಕು, ಇದು ಅವರ ಲೆಕ್ಕ.

ಈ ಲೆಕ್ಕ ದೆಹಲಿಯ ಆಫೀಸಿನಲ್ಲಿ ಹುಟ್ಟಿದ್ದಲ್ಲ. ಅದಕ್ಕೇ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅವರೇ ಶಾಲೆ ಬಿಟ್ಟವರು

ಹುಟ್ಟಿದ್ದು 1909ರ ಜುಲೈ 15, ಗೋದಾವರಿ ದಂಡೆಯ ರಾಜಮಹೇಂದ್ರಿಯಲ್ಲಿ. ಬೆಳೆದದ್ದು ಕಾಕಿನಾಡದಲ್ಲಿ. ಎಂಟನೇ ವಯಸ್ಸಿಗೆ ಮದುವೆ ಮಾಡಿದರು. ದೊಡ್ಡವಳಾದ ಮೇಲೆ ಆ ಸಂಸಾರ ನನಗೆ ಬೇಡ ಅಂದುಬಿಟ್ಟರು, ನೀವು ಬೇರೆ ಮದುವೆ ಆಗಿ ಅಂತ ಗಂಡನಿಗೂ ಹೇಳಿದರು. ಅಪ್ಪ, ತಮ್ಮ ಇಬ್ಬರೂ ಜೊತೆಗೆ ನಿಂತರು. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ.

ಗಾಂಧೀಜಿ ಕರೆ ಕೊಟ್ಟಾಗ ಇಂಗ್ಲಿಷ್ ಶಾಲೆ ಬಿಟ್ಟರು. ಬಿಟ್ಟು ಸುಮ್ನೆ ಕೂರಲಿಲ್ಲ, ಕಾಕಿನಾಡದಲ್ಲೇ ಹೆಣ್ಣುಮಕ್ಕಳಿಗೆ ಹಿಂದಿ ಕಲಿಸುವ ಒಂದು ಶಾಲೆ ತೆರೆದರು. ಕಲಿಸೋಳೇ ಇನ್ನೂ ಹುಡುಗಿ, ಕಲಿಯೋಕೆ ಬಂದವರಲ್ಲಿ ಅವರಿಗಿಂತ ದೊಡ್ಡವರೂ ಇದ್ದರು. 1921ರಲ್ಲಿ ಗಾಂಧೀಜಿ ಕಾಕಿನಾಡಕ್ಕೆ ಬಂದಾಗ ದೇವದಾಸಿಯರು ಮತ್ತು ಬುರ್ಖಾ ಹಾಕುವ ಮುಸ್ಲಿಂ ಹೆಂಗಸರು ಅವರನ್ನು ನೋಡಬೇಕು ಅಂತ ಈ ಹನ್ನೊಂದು ಹನ್ನೆರಡು ವರ್ಷದ ಹುಡುಗಿ ಹಟ ಹಿಡಿದಳು. 5,000 ರೂಪಾಯಿ ನಿಧಿ ಕೂಡಿಸಿದರೆ ನೋಡೋಣ ಅಂದರಂತೆ ಊರ ಮುಖಂಡರು. ದೇವದಾಸಿಯರೇ ಮುಂದೆ ಬಂದು ದುಡ್ಡು ಕೂಡಿಸಿದರು. ಐದು ನಿಮಿಷಕ್ಕೆ ಅಂತ ಬಂದ ಗಾಂಧೀಜಿ ಅಲ್ಲೇ ತುಂಬಾ ಹೊತ್ತು ಕೂತರು, ಹೆಂಗಸರು ಬಳೆ, ಸರ ಬಿಚ್ಚಿ ಕೊಟ್ಟರು. ಮುಂದೆ 1923ರ ಕಾಕಿನಾಡ ಕಾಂಗ್ರೆಸ್ ಅಧಿವೇಶನದಲ್ಲಿ ಟಿಕೆಟ್ ಇಲ್ಲ ಅಂತ ನೆಹರೂ ಅವರನ್ನೇ ಖಾದಿ ಪ್ರದರ್ಶನದ ಬಾಗಿಲಲ್ಲಿ ತಡೆದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಮೊದಲನೆಯ ಕಥೆಯೇ ಮುಖ್ಯ ಅನ್ನಿಸುತ್ತದೆ. ಯಾರಿಗಾಗಿ ಕೆಲಸವೋ ಅವರ ಕೈಯಿಂದಲೇ ಕೆಲಸ ಮಾಡಿಸೋದನ್ನು ಅವರು ಆವಾಗಲೇ ಕಲಿತಿದ್ದರು.

ಉಪ್ಪಿನ ಸತ್ಯಾಗ್ರಹ ಬಂತು. 1930ರಿಂದ 33ರ ನಡುವೆ ಮೂರು ಸಲ ಜೈಲು. ವೇಲೂರು ಜೈಲಿನಲ್ಲಿ ಅವರ ಜೊತೆ ಇದ್ದ ಕೈದಿ ಹೆಂಗಸರಲ್ಲಿ ಎಷ್ಟೋ ಜನಕ್ಕೆ ತಮ್ಮ ಮೇಲಿನ ಕೇಸ್ ಏನು ಅಂತಲೇ ಸರಿಯಾಗಿ ಗೊತ್ತಿರಲಿಲ್ಲ, ಏನು ಹೇಳಿಕೆಗೆ ಹೆಬ್ಬೆಟ್ಟು ಒತ್ತಿದ್ದೀವಿ ಅನ್ನೋದೂ ಗೊತ್ತಿರಲಿಲ್ಲ. ಲಾಯರ್ ಆಗಬೇಕು ಅನ್ನೋ ಆಸೆ ಹುಟ್ಟಿದ್ದು ಅಲ್ಲಿ. ಮದುರೈ ಜೈಲಿನಲ್ಲಿ ಒಂಟಿ ಕೋಣೆಯಲ್ಲಿ ಇಟ್ಟರು, ಪಕ್ಕದಲ್ಲೇ ಗಲ್ಲಿಗೆ ಕಾಯುವವರ ಕೋಣೆಗಳು. ಆರೋಗ್ಯ ಹಾಳಾಯಿತು.

ಹೊರಗೆ ಬಂದಾಗ ವಯಸ್ಸು ಇಪ್ಪತ್ತರ ನಡುವೆ, ಕೈಯಲ್ಲಿ ಮೆಟ್ರಿಕ್ ಕೂಡ ಇಲ್ಲ. ಆಗ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಮೆಟ್ರಿಕ್ ಪರೀಕ್ಷೆಯನ್ನು ಖಾಸಗಿಯಾಗಿ ಕಟ್ಟಬಹುದಿತ್ತು. ಕಟ್ಟಿದರು, ಪಾಸಾದರು. ಮುಂದೆ ಓದೋಕೆ ವಾಲ್ಟೇರಿನ (ಈಗಿನ ವಿಶಾಖಪಟ್ಟಣ) ಆಂಧ್ರ ವಿಶ್ವವಿದ್ಯಾಲಯಕ್ಕೆ ಹೋದರೆ ಹೆಣ್ಣುಮಕ್ಕಳಿಗೆ ಹಾಸ್ಟೆಲ್ ಇಲ್ಲ, ಹಾಗಾಗಿ ಸೀಟಿಲ್ಲ ಅಂದರು. ಅವರು ಪೇಪರಿನಲ್ಲಿ ಜಾಹೀರಾತು ಕೊಟ್ಟರು: ಹಾಸ್ಟೆಲ್ ಇಲ್ಲ ಅನ್ನೋ ಕಾರಣಕ್ಕೆ ಓದು ನಿಲ್ಲಿಸಿರೋ ಹುಡುಗಿಯರು ಯಾರಿದ್ದೀರಿ, ನನಗೆ ತಿಳಿಸಿ. ಹುಡುಗಿಯರು ಸಿಕ್ಕರು. ಎಲ್ಲ ಸೇರಿ ಜಾಗ ಹಿಡಿದು ಹಾಸ್ಟೆಲ್ ಮಾಡಿಕೊಂಡರು. ಆಮೇಲೆ ಸೀಟ್ ಕೊಡದೇ ಇರೋಕೆ ಕಾರಣ ಏನು ಉಳಿಯುತ್ತೆ? ರಾಜ್ಯಶಾಸ್ತ್ರದಲ್ಲಿ ಆನರ್ಸ್ ಮುಗಿಸಿದರು, ಮದ್ರಾಸಿನಲ್ಲಿ ಕಾನೂನು ಓದಿ 1942ರಲ್ಲಿ ವಕೀಲಿ ಶುರು ಮಾಡಿದರು.

ಈ ಹಾಸ್ಟೆಲ್ ಕಥೆಯಲ್ಲಿ ನಾನು ಒಂದು ವಿಷಯಕ್ಕೆ ಒತ್ತು ಕೊಡುತ್ತೇನೆ. ಹೆಂಗಸರು ಓದದೇ ಇರೋಕೆ ಬುದ್ಧಿ, ಆಸಕ್ತಿ ಕಾರಣ ಅಲ್ಲ. ಮಲಗೋಕೆ ಜಾಗ ಇಲ್ಲ, ಫೀಸಿಗೆ ದುಡ್ಡಿಲ್ಲ, ವಯಸ್ಸು ಮೀರಿದೆ, ಕ್ಲಾಸಿನಲ್ಲಿ ಚಿಕ್ಕ ಮಕ್ಕಳ ಪಕ್ಕ ಕೂರೋಕೆ ನಾಚಿಕೆ. ಇವು ಸಣ್ಣ ಸಣ್ಣ ತೊಡಕುಗಳು, ಒಂದೊಂದಾಗಿ ತೆಗೆಯಬಹುದು. ಅದನ್ನು ಅನುಭವಿಸಿದವರಿಗೇ ಇದು ಗೊತ್ತಾಗೋದು.

ಮೈಲಾಪುರದ ಮನೆ

1937ರ ಹೊತ್ತಿಗೆ ಮದ್ರಾಸಿನ ಮೈಲಾಪುರದಲ್ಲಿ ಅಕ್ಕಪಕ್ಕದ ಪುಟ್ಟ ಹುಡುಗಿಯರನ್ನು ಸೇರಿಸಿಕೊಂಡು ಹಿಂದಿ, ಹಾಡು, ನಾಟಕ ಅಂತ ಒಂದು ಕೂಟ ಶುರು ಮಾಡಿದ್ದರು. ಹುಡುಗಿಯರ ಹಿಂದೆ ಅವರ ಅಮ್ಮಂದಿರು, ಚಿಕ್ಕಮ್ಮ ದೊಡ್ಡಮ್ಮಂದಿರು ಬಂದರು. ಅವರಲ್ಲಿ ವಿಧವೆಯರಿದ್ದರು, ಗಂಡನ ಮನೆಯಿಂದ ಹೊರಬಿದ್ದವರಿದ್ದರು. ನಾವೂ ಪರೀಕ್ಷೆ ಕಟ್ಟಬಹುದಾ ಅಂತ ಕೇಳಿದರು. ದುರ್ಗಾಬಾಯಿ ತಾವು ಕಟ್ಟಿದ ಅದೇ ಬನಾರಸ್ ಮೆಟ್ರಿಕ್‌ಗೆ ಅವರನ್ನು ತಯಾರು ಮಾಡೋಕೆ ಶುರು ಮಾಡಿದರು. ಹೀಗೆ ಬೆಳೆದದ್ದು ಆಂಧ್ರ ಮಹಿಳಾ ಸಭಾ.

ಬೇರೆ ಶಾಲೆಯಲ್ಲಿ ಒಂದೊಂದು ಕ್ಲಾಸಿಗೆ ಒಂದೊಂದು ವರ್ಷ ಬೇಕು. ದೊಡ್ಡ ಹೆಂಗಸಿಗೆ ಅಷ್ಟು ಕಾಲ ಇಲ್ಲ, ಅಷ್ಟು ಬೇಕಾಗೂ ಇಲ್ಲ. ಮೂವತ್ತು ವರ್ಷದವಳಿಗೆ ಕೂಡೋದು ಕಳೆಯೋದು ಸಂತೆಯಲ್ಲೇ ಬಂದಿರುತ್ತೆ, ಕಾಗದದ ಮೇಲೆ ಬರೆಯೋದು ಕಲಿತರೆ ಆಯಿತು. ಬದುಕು ಕಲಿಸಿದ್ದನ್ನು ಬಿಟ್ಟು ಉಳಿದದ್ದನ್ನಷ್ಟೇ ಕಲಿಸಿದರೆ ಎರಡು ವರ್ಷ ಸಾಕು.

ಓದಿನ ಜೊತೆಗೇ ಕಸುಬಿನ ವಿಭಾಗ ಬಂತು, ಆಮೇಲೆ ನರ್ಸಿಂಗ್ ಹೋಂ ಬಂತು, ನರ್ಸ್ ಮತ್ತು ಹೆರಿಗೆ ಕೆಲಸದ ತರಬೇತಿ ಬಂತು. ಒಂದು ಇನ್ನೊಂದಕ್ಕೆ ದಾರಿ. ಮೆಟ್ರಿಕ್ ಆದವಳು ನರ್ಸ್ ತರಬೇತಿಗೆ ಹೋಗುತ್ತಾಳೆ, ನರ್ಸ್ ಆದವಳು ಅದೇ ಆಸ್ಪತ್ರೆಯಲ್ಲಿ ದುಡಿಯುತ್ತಾಳೆ, ಓದು ಹತ್ತದವಳು ನೇಯ್ಗೆ, ಹೊಲಿಗೆ ಕಡೆ ಹೋಗಿ ದುಡಿಮೆ ಕಂಡುಕೊಳ್ಳುತ್ತಾಳೆ. ಆರೋಗ್ಯ, ಶಿಕ್ಷಣ, ಕಸುಬು ಅಂತ ನಾವು ಬೇರೆ ಬೇರೆ ಇಲಾಖೆ ಮಾಡಿಕೊಂಡಿದ್ದೇವೆ. ಅವರ ಹತ್ತಿರ ಬರೋ ಹೆಂಗಸಿಗೆ ಅದು ಒಂದೇ ಪ್ರಶ್ನೆ: ನಾಳೆಯಿಂದ ನಾನು ಯಾರ ಹಂಗೂ ಇಲ್ಲದೆ ಹೇಗೆ ಬದುಕೋದು?

ಇಲ್ಲಿ ಒಂದು ಸಂಗತಿ ಹೇಳಲೇಬೇಕು. ದುರ್ಗಾಬಾಯಿ ಚಿಕ್ಕಂದಿನಲ್ಲಿ ಬಿಟ್ಟು ಬಂದ ಆ ಗಂಡ ಮತ್ತೊಂದು ಮದುವೆ ಮಾಡಿಕೊಂಡಿದ್ದರು. ಅವರು ತೀರಿಹೋದ ಮೇಲೆ ಆ ಹೆಂಡತಿಗೆ ನೆಂಟರ ಮನೆಯಲ್ಲಿ ನೆಲೆ ಇಲ್ಲದಂತಾಯಿತು. ಆಕೆ ಬಂದದ್ದು ದುರ್ಗಾಬಾಯಿ ಅವರ ಹತ್ತಿರವೇ. ಇವರು ಆಕೆಯನ್ನು ಮಹಿಳಾ ಸಭೆಯಲ್ಲಿ ಇರಿಸಿಕೊಂಡು, ಓದಿಸಿ, ಕೈಕಸುಬಿನ ತರಬೇತಿ ಕೊಡಿಸಿ, ಕೆಲಸಕ್ಕೆ ಸೇರೋ ತನಕ ಜೊತೆಗೆ ನಿಂತರು. ತಿಂಗಳಿಗೆ ಇಷ್ಟು ಅಂತ ದುಡ್ಡು ಕಳಿಸಿ ಸುಮ್ನೆ ಇರಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಆಮೇಲೆ ದೇಶಕ್ಕೆಲ್ಲ ಮಾಡಿದ ಯೋಜನೆಯ ಸಾರ ಈ ಒಂದು ಹೆಂಗಸಿನ ವಿಷಯದಲ್ಲೇ ಇದೆ.

ಚುನಾವಣೆ ಸೋತ ಮೇಲೆ

1946ರಲ್ಲಿ ಮದ್ರಾಸಿನಿಂದ ಸಂವಿಧಾನ ಸಭೆಗೆ ಹೋದರು. ಅಲ್ಲಿ ಸಭೆ ನಡೆಸುವ ಅಧ್ಯಕ್ಷರ ಪಟ್ಟಿಯಲ್ಲಿ ಇದ್ದ ಏಕೈಕ ಹೆಂಗಸು. ಆದರೆ 1952ರ ಮೊದಲ ಲೋಕಸಭಾ ಚುನಾವಣೆಯಲ್ಲಿ ಸೋತರು. ರಾಜಕಾರಣಿಗೆ ಸೋಲು ಅಂದರೆ ಮನೆಗೆ ಹೋಗೋದು ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ದುರ್ಗಾಬಾಯಿ ಅವರನ್ನು ನೆಹರೂ ಯೋಜನಾ ಆಯೋಗಕ್ಕೆ ತೆಗೆದುಕೊಂಡರು. ಸಮಾಜ ಸೇವೆಯ ಭಾಗ ಇವರ ಕೈಗೆ ಬಂತು. 1953ರ ಜನವರಿಯಲ್ಲಿ ಆಗಿನ ಹಣಕಾಸು ಸಚಿವ ಸಿ.ಡಿ. ದೇಶಮುಖ್ ಅವರ ಜೊತೆ ಮದುವೆ, ಸಾಕ್ಷಿಗಳಲ್ಲಿ ನೆಹರೂ ಕೂಡ ಒಬ್ಬರು. ಅದೇ ವರ್ಷ ಆಗಸ್ಟ್‌ನಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಹುಟ್ಟಿತು.

ಮಂಡಳಿಯ ಕೆಲಸದ ರೀತಿ ಬೇರೆಯೇ ಇತ್ತು. ಸರ್ಕಾರ ತಾನೇ ಊರೂರಿಗೆ ಆಫೀಸ್ ತೆರೆಯೋದಿಲ್ಲ. ಆ ಊರಲ್ಲೇ ಏನಾದರೂ ಮಾಡುತ್ತಿರುವ ಮಹಿಳಾ ಸಮಾಜ, ಅನಾಥಾಲಯ, ಅಬಲಾಶ್ರಮ ಹುಡುಕಿ ಅನುದಾನ ಕೊಡುತ್ತದೆ. ರಾಜ್ಯಗಳಲ್ಲೂ ಮಂಡಳಿಗಳಾದವು, ನಡೆಸಿದವರು ಬಹುಪಾಲು ಹೆಂಗಸರೇ, ಅದೂ ಸಂಬಳ ಇಲ್ಲದೆ. ನಮ್ಮ ಹಳೇ ಮೈಸೂರು, ಕರಾವಳಿ, ಧಾರವಾಡದ ಕಡೆ ಮಹಿಳಾ ಸಮಾಜಗಳು ಆ ಹೊತ್ತಿಗಾಗಲೇ ಗಟ್ಟಿಯಾಗಿದ್ದವು. ಊರಿನ ಹಿರಿಯ ಹೆಂಗಸರನ್ನು ಕೇಳಿ ನೋಡಿ, ಶಿಶುವಿಹಾರಕ್ಕೆ, ಹೊಲಿಗೆ ಕ್ಲಾಸಿಗೆ ಸಮಾಜ ಕಲ್ಯಾಣ ಮಂಡಳಿ ಗ್ರಾಂಟ್ ಬರುತ್ತಿತ್ತು ಅನ್ನೋದು ಎಷ್ಟೋ ಜನಕ್ಕೆ ನೆನಪಿರುತ್ತದೆ.

ಗ್ರಾಮಸೇವಿಕೆಯರ ತರಬೇತಿಗೆ ಕಸ್ತೂರ್ಬಾ ಗಾಂಧಿ ರಾಷ್ಟ್ರೀಯ ಸ್ಮಾರಕ ಟ್ರಸ್ಟ್ ಕೈಜೋಡಿಸಿತು. ನಮ್ಮ ಅರಸೀಕೆರೆಯಲ್ಲಿ ಇರೋದು ಅದೇ ಟ್ರಸ್ಟಿನ ಶಾಖೆ, ಸ್ವಾತಂತ್ರ್ಯ ಹೋರಾಟಗಾರ್ತಿ ಯಶೋಧರಮ್ಮ ದಾಸಪ್ಪ ಅವರ ಹೆಸರಿನ ಜೊತೆ ಸೇರಿಕೊಂಡಿರೋ ಜಾಗ.

ಆದರೂ ಜನ ಸಾಲಲಿಲ್ಲ. ಯೋಜನೆ ಹರಡಿದಷ್ಟೂ ಕೊರತೆ ಜಾಸ್ತಿ ಆಯಿತು. ಮೊದಲು ಹೇಳಿದ ಗಂಟು ಇದೇ. ತರಬೇತಿ ಕೇಂದ್ರ ಇದೆ, ಆದರೆ ಸೇರೋಕೆ ಬೇಕಾದಷ್ಟು ಓದಿದ ಹಳ್ಳಿ ಹೆಂಗಸರಿಲ್ಲ. ಶಾಲೆಯ ಹುಡುಗಿಯರು ಓದಿ ದೊಡ್ಡವರಾಗಲಿ ಅಂತ ಕಾದರೆ ಹದಿನೈದು ವರ್ಷ ಬೇಕು. ಆ ಹುಡುಗಿಯರಿಗೆ ಪಾಠ ಹೇಳೋಕೂ ಹಳ್ಳಿಯಲ್ಲಿ ಟೀಚರಮ್ಮ ಇಲ್ಲ, ಟೀಚರಮ್ಮ ಇಲ್ಲ ಅಂತ ಅಪ್ಪ ಅಮ್ಮ ಹುಡುಗಿಯನ್ನು ಶಾಲೆಗೆ ಕಳಿಸಲ್ಲ.

1958ರಲ್ಲಿ ಮಂಡಳಿ ದೊಡ್ಡ ಹೆಂಗಸರಿಗೆ ಅಂತ ಎರಡು ವರ್ಷದ ಸಂಕ್ಷಿಪ್ತ ಶಿಕ್ಷಣ ಕೋರ್ಸ್ ಶುರು ಮಾಡಿತು. ಇಪ್ಪತ್ತು ದಾಟಿದ, ಮೂವತ್ತೈದರ ಒಳಗಿನ ಹೆಂಗಸರಿಗೆ. ಸ್ವಲ್ಪ ಓದಿ ಬಿಟ್ಟವರನ್ನು ಎರಡು ವರ್ಷದಲ್ಲಿ ಮಿಡ್ಲ್ ಸ್ಕೂಲ್ ಅಥವಾ ಮೆಟ್ರಿಕ್ ಪರೀಕ್ಷೆಗೆ ತಯಾರು ಮಾಡೋದು. ನಡೆಸೋದು ಊರಿನ ಸ್ವಯಂಸೇವಾ ಸಂಸ್ಥೆ. ಟೀಚರ್ ಸಂಬಳ, ಪುಸ್ತಕ, ಹೆಂಗಸರ ಊಟ ವಸತಿಯ ಖರ್ಚು ಮಂಡಳಿಯ ಅನುದಾನದಲ್ಲಿ. ಮೈಲಾಪುರದಲ್ಲಿ ಇಪ್ಪತ್ತು ವರ್ಷ ಮೊದಲು ಒಂದು ಮನೆಯಲ್ಲಿ ನಡೆದದ್ದೇ ಈಗ ಸರ್ಕಾರದ ಯೋಜನೆ ಆಯಿತು.

ಪಾಸಾದವರಿಗೆ ಬಾಗಿಲುಗಳು ತೆರೆದವು: ಗ್ರಾಮಸೇವಿಕೆ, ಬಾಲಸೇವಿಕೆ, ಸಹಾಯಕ ನರ್ಸ್, ಪ್ರೈಮರಿ ಟೀಚರ್, ಕಸುಬಿನ ಶಿಕ್ಷಕಿ.

ಊಟ ವಸತಿಯ ಖರ್ಚನ್ನು ಯಾಕೆ ಎತ್ತಿ ಹೇಳಿದೆ ಅಂದರೆ, ಬಡ ಹೆಂಗಸಿನ ಓದು ನಿಲ್ಲೋದು ಅಲ್ಲೇ. ಕೂಲಿಗೆ ಹೋಗೋ ಹೆಂಗಸು ಎರಡು ವರ್ಷ ಕೂತು ಓದಬೇಕು ಅಂದರೆ ಆ ಎರಡು ವರ್ಷ ಅವಳ ಹೊಟ್ಟೆಗೆ ಯಾರು ಹಾಕುತ್ತಾರೆ? ಮನೆಯಲ್ಲೇ ಇದ್ದು ಓದು ಅಂದರೆ ನೀರು, ಸೌದೆ, ಅತ್ತೆ ಮಾವನ ಚಾಕರಿ ಮುಗಿದ ಮೇಲೆ ಉಳಿಯೋದು ನಿದ್ದೆ ಮಾತ್ರ. ಮನೆಯಿಂದ ಹೊರಗೆ ಇಟ್ಟು ಓದಿಸೋದು ಖರ್ಚಿನ ಕೆಲಸ ಅನ್ನಿಸಬಹುದು, ಆದರೆ ಬೇರೆ ದಾರಿ ನನಗಂತೂ ಕಾಣೋದಿಲ್ಲ. ವಾಲ್ಟೇರಿನಲ್ಲಿ ಹಾಸ್ಟೆಲ್ ಇಲ್ಲ ಅನ್ನಿಸಿಕೊಂಡ ಹೆಂಗಸು ಇದನ್ನು ಮರೆಯೋ ಹಾಗಿರಲಿಲ್ಲ.

ಇದೇ ಹೊತ್ತಿಗೆ ಹೆಣ್ಣುಮಕ್ಕಳ ಶಿಕ್ಷಣದ ರಾಷ್ಟ್ರೀಯ ಸಮಿತಿಗೂ ಅವರೇ ಅಧ್ಯಕ್ಷೆ. 1959ರ ಅದರ ವರದಿ ಹೆಣ್ಣುಮಕ್ಕಳ ಓದನ್ನು ಇನ್ನೂ ಬಹಳ ವರ್ಷ ಒಂದು ವಿಶೇಷ ಸಮಸ್ಯೆ ಅಂತಲೇ ನೋಡಬೇಕು, ಅದಕ್ಕೆ ಬೇರೆಯಾಗಿ ದುಡ್ಡು ಇಡಬೇಕು ಅಂತ ಹೇಳಿತು. ಹಳ್ಳಿ ಟೀಚರಮ್ಮನಿಗೆ ಇರೋಕೆ ಮನೆ ಕಟ್ಟಿಕೊಡಿ, ಗಂಡು ಮೇಷ್ಟ್ರು ಮಾತ್ರ ಇರೋ ಶಾಲೆಗಳಲ್ಲಿ ಹುಡುಗಿಯರನ್ನು ನೋಡಿಕೊಳ್ಳೋಕೆ ಒಬ್ಬ ಹೆಂಗಸನ್ನು ನೇಮಿಸಿ, ಇಂಥ ಮಾತುಗಳು ಆ ಕಾಲದ ಚರ್ಚೆಯಲ್ಲಿ ಬಂದವು. ದೊಡ್ಡ ತತ್ವ ಏನಿಲ್ಲ ಇದರಲ್ಲಿ. ಮನೆ ಇದ್ದರೆ ಟೀಚರ್ ಉಳಿಯುತ್ತಾಳೆ, ಟೀಚರ್ ಉಳಿದರೆ ಹುಡುಗಿ ಬರುತ್ತಾಳೆ.

ಹೆರಿಗೆ ಮನೆಯ ಮಾತು

ಹಳ್ಳಿ ಆರೋಗ್ಯದ ವಿಷಯದಲ್ಲಿ ಓದಿದ ಹೆಂಗಸಿನ ಬೆಲೆ ಏನು ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಆ ಕಾಲದಲ್ಲಿ ಹಳ್ಳಿಯ ಹೆರಿಗೆ ಅಂದರೆ ಮನೆಯ ಕತ್ತಲೆ ಮೂಲೆಯಲ್ಲಿ. ಹೊಕ್ಕುಳ ಬಳ್ಳಿ ಕೊಯ್ಯೋಕೆ ಕೈಗೆ ಸಿಕ್ಕ ಕುಡುಗೋಲು, ಬ್ಲೇಡು, ಕೆಲವು ಕಡೆ ಬಿದಿರಿನ ಸಿಬಿರು. ಮೇಲೆ ಬೂದಿಯೋ ಸಗಣಿಯೋ ಮೆತ್ತೋರು. ವಾರದ ಒಳಗೆ ಮಗು ಹಾಲು ಕುಡಿಯೋದು ಬಿಟ್ಟು, ದವಡೆ ಕಚ್ಚಿಕೊಂಡು, ಮೈ ಸೆಟೆದು ಸಾಯುತ್ತಿತ್ತು. ದೃಷ್ಟಿ ಆಯಿತು, ಗಾಳಿ ಸೋಕಿತು ಅನ್ನೋರು. ಅದು ಧನುರ್ವಾಯು.

ಇದನ್ನು ತಡೆಯೋಕೆ ದೊಡ್ಡ ಆಸ್ಪತ್ರೆ ಬೇಡ. ಕುದಿಸಿದ ಕತ್ತರಿ, ಕುದಿಸಿದ ದಾರ, ಸೋಪು ಹಾಕಿ ತೊಳೆದ ಕೈ ಇದ್ದರೆ ಎಷ್ಟೋ ಮಕ್ಕಳು ಉಳಿಯುತ್ತವೆ. ಆದರೆ ಇದನ್ನು ಮನೆಯ ಅಜ್ಜಿಗೆ ಒಪ್ಪಿಸೋರು ಬೇಕಲ್ಲ? ಹೊರಗಿನ ನರ್ಸ್ ಬಂದು ಹೇಳಿದರೆ ಕೇಳಲ್ಲ, ನಿನಗೆ ಮದುವೆ ಆಗಿದೆಯಾ, ಮಕ್ಕಳಿದ್ದಾವಾ ಅಂತ ತಿರುಗಿ ಕೇಳುತ್ತಾರೆ. ಅದೇ ಊರಿನ, ತಾನೂ ಎರಡು ಹೆತ್ತ, ಈಗ ಓದಿ ಬಂದ ಹೆಂಗಸು ಹೇಳಿದರೆ ಮಾತು ಬೇರೆ. ಮೂವತ್ತು ವರ್ಷದ ವಿಧವೆಯನ್ನು ಓದಿಸೋದು ದಯೆಯ ಕೆಲಸ ಅಂತ ನೋಡಿದವರಿಗೆ ಈ ಲಾಭ ಕಾಣೋದಿಲ್ಲ. ವಯಸ್ಸೇ ಅವಳ ಬಂಡವಾಳ. ಹದಿನೆಂಟರ ಹುಡುಗಿಗೆ ಸಿಗದ ಮರ್ಯಾದೆ ಅವಳಿಗೆ ಹೆರಿಗೆ ಮನೆಯಲ್ಲಿ ಸಿಗುತ್ತದೆ.

ಕಸುಬಿನಲ್ಲಿ ಎಡವಿದ್ದು

ಎಲ್ಲವೂ ಚೆನ್ನಾಗಾಯಿತು ಅಂತ ಹೇಳಿದರೆ ಈ ಪ್ರಕರಣಕ್ಕೆ ಅನ್ಯಾಯ ಮಾಡಿದಂತೆ. ಆರೋಗ್ಯ, ಶಿಕ್ಷಣ, ಕಸುಬು ಮೂರರಲ್ಲಿ ನನ್ನ ಪ್ರಕಾರ ಕಸುಬಿನ ಭಾಗ ಎಲ್ಲಕ್ಕಿಂತ ದುರ್ಬಲ.

ಕಾರಣ ಸರಳ. ನರ್ಸ್‌ಗೆ ಸಂಬಳ ಕೊಡೋದು ಸರ್ಕಾರ, ಟೀಚರ್‌ಗೂ ಅಷ್ಟೇ. ಹೊಲಿದ ಬಟ್ಟೆಗೆ, ಹೆಣೆದ ಬುಟ್ಟಿಗೆ ದುಡ್ಡು ಕೊಡಬೇಕಾದವರು ಗಿರಾಕಿ. ಒಂದೇ ಊರಿನಲ್ಲಿ ಇಪ್ಪತ್ತು ಹೆಂಗಸರಿಗೆ ಹೊಲಿಗೆ ಕಲಿಸಿದರೆ ಆ ಊರಿನಲ್ಲಿ ರವಿಕೆ ಹೊಲಿಸೋರು ಎಷ್ಟು ಜನ ಇರುತ್ತಾರೆ? ಕಲಿಯೋವಾಗ ನೂಲು, ಬಟ್ಟೆ, ಮಷೀನ್ ಎಲ್ಲ ಕೇಂದ್ರದ್ದು. ಕಲಿತು ಮನೆಗೆ ಹೋದಾಗ ಮಷೀನ್ ಇಲ್ಲ, ಬಂಡವಾಳ ಇಲ್ಲ, ಕೊಳ್ಳೋರು ಇಲ್ಲ. ಇವತ್ತಿಗೂ ನಮ್ಮ ಹಳ್ಳಿಗಳಲ್ಲಿ ಉಚಿತ ಟೈಲರಿಂಗ್ ತರಬೇತಿ ನಡೆದು, ಸರ್ಟಿಫಿಕೇಟ್ ಕೊಟ್ಟು, ಫೋಟೋ ತೆಗೆದು ಮುಗಿಯೋದು ಹೀಗೇ ಅಲ್ವಾ?

ದುರ್ಗಾಬಾಯಿ ಅವರಿಗೆ ಇದು ಗೊತ್ತಿತ್ತು ಅಂತಲೇ ನಾನು ಓದಿಕೊಳ್ಳುತ್ತೇನೆ. ಯಾಕಂದರೆ ಮಂಡಳಿ ಪಟ್ಟಣದ ಹೆಂಗಸರಿಗಾಗಿ ದೆಹಲಿ, ಪುಣೆ, ಹೈದರಾಬಾದ್, ವಿಜಯವಾಡದಲ್ಲಿ ಬೆಂಕಿಪೊಟ್ಟಣದ ಕಾರ್ಖಾನೆಗಳನ್ನು ಸಹಕಾರಿ ರೀತಿಯಲ್ಲಿ ಮಾಡಿಸಿ ನೋಡಿತು. 1958ರಲ್ಲಿ ಆರ್ಥಿಕ ಸಾಮಾಜಿಕ ಕಾರ್ಯಕ್ರಮ ಅಂತ ಶುರು ಮಾಡಿ ಬರೀ ತರಬೇತಿ ಬಿಟ್ಟು ಉತ್ಪಾದನಾ ಘಟಕಗಳಿಗೆ ನೆರವು ಕೊಟ್ಟಿತು. ಕೂಲಿ ಸಿಗಬೇಕು, ಮಾರಾಟ ಆಗಬೇಕು ಅನ್ನೋ ಕಡೆ ಹೊರಳಿದರು. ಆದರೆ ಮಾರಾಟ ಅನ್ನೋದು ಸೇವಾ ಸಂಸ್ಥೆಯ ಕೈಗೆ ಹತ್ತುವ ಕೆಲಸ ಅಲ್ಲ. ಅದಕ್ಕೆ ಅಂಗಡಿಯವನ ಕಣ್ಣು ಬೇಕು, ವಿನ್ಯಾಸ ತಿಳಿದವರು ಬೇಕು. ಅದೇ ಹೊತ್ತಿಗೆ ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಕರಕುಶಲ ಮಂಡಳಿಯನ್ನು ನಡೆಸುತ್ತಾ ಬೇರೆ ಕಡೆಯಿಂದ ಈ ಕೆಲಸಕ್ಕೆ ಕೈ ಹಾಕಿದ್ದರು. ಕಸುಬುದಾರರಿಂದಲೇ ಶುರು ಮಾಡಿ ಗಿರಾಕಿಯನ್ನು ಹುಡುಕೋ ದಾರಿ ಅವರದು. ಕಸುಬಿನ ಮಟ್ಟಿಗೆ ಆ ದಾರಿಯೇ ಸರಿ ಅಂತ ನನಗೆ ಅನ್ನಿಸುತ್ತದೆ.

ಇನ್ನೊಂದು ತೊಂದರೆ ಅನುದಾನದ್ದು. ವರ್ಷ ವರ್ಷ ಗ್ರಾಂಟ್ ಬಂದರೆ ಸಂಸ್ಥೆ, ಬರದಿದ್ದರೆ ಬಾಗಿಲು. ಊರಿನವರ ದುಡ್ಡಿನಲ್ಲಿ ನಿಂತಿದ್ದ ಮಹಿಳಾ ಸಮಾಜಗಳು ನಿಧಾನವಾಗಿ ದೆಹಲಿ ಕಡೆ ನೋಡೋಕೆ ಶುರು ಮಾಡಿದವು. ಗ್ರಾಂಟಿನ ಅರ್ಜಿ ಬರೆಯೋಕೆ ಬಂದವರು ಉಳಿದರು, ಬರದವರು ಹಿಂದೆ ಬಿದ್ದರು. ಸಂಬಳ ಇಲ್ಲದ ಹಿರಿಯ ಹೆಂಗಸರ ಮೇಲೆ ಇಷ್ಟು ಭಾರ ಹಾಕಿದ್ದೂ ಹೆಚ್ಚಾಯಿತು. ಮನೆ ಅನುಕೂಲ ಇದ್ದವರು ಮಾತ್ರ ಹಾಗೆ ದುಡಿಯಬಲ್ಲರು, ಹಾಗಾಗಿ ಸಮಿತಿಗಳಲ್ಲಿ ಕೂತವರು ಹೆಚ್ಚಾಗಿ ಪೇಟೆಯ, ಮೇಲಿನ ಜಾತಿಯ, ಉಳ್ಳವರ ಮನೆಯ ಹೆಂಗಸರು. ಅವರ ಶ್ರಮಕ್ಕೆ ನಾನು ಕೈ ಮುಗಿಯುತ್ತೇನೆ. ಆದರೆ ಹಳ್ಳಿಯ ದಲಿತ ಕೇರಿಯ ಬಾಲವಾಡಿ ಎಲ್ಲಿರಬೇಕು ಅಂತ ತೀರ್ಮಾನ ಮಾಡುವಾಗ ಆ ಕೇರಿಯ ಹೆಂಗಸು ಆ ಕೋಣೆಯಲ್ಲಿ ಇರಬೇಕಿತ್ತು.

ಉಳಿದದ್ದು

1962ರಲ್ಲಿ ಮಂಡಳಿಯಿಂದ ಹೊರಬಂದರು. ಅದೇ ವರ್ಷ ದೆಹಲಿಯಲ್ಲಿ ಸಾಮಾಜಿಕ ಅಭಿವೃದ್ಧಿ ಪರಿಷತ್ತು ಕಟ್ಟಿದರು. ಹೈದರಾಬಾದಿನಲ್ಲಿ ಮಹಿಳಾ ಸಭೆಯ ಆಸ್ಪತ್ರೆ, ಹೆಣ್ಣುಮಕ್ಕಳ ಕಾಲೇಜು, ಸಾಕ್ಷರತಾ ಭವನ ಬೆಳೆದವು. ಮದ್ರಾಸಿನಲ್ಲಿ ಪೋಲಿಯೋ ಆದ ಮಕ್ಕಳಿಗೆ ಮೂಳೆ ಚಿಕಿತ್ಸೆಯ ಕೇಂದ್ರ ಬಂತು. 1975ರಲ್ಲಿ ಪದ್ಮವಿಭೂಷಣ, ಗಂಡನಿಗೂ ಅದೇ ವರ್ಷ. 1981ರ ಮೇ 9ರಂದು ತೀರಿಕೊಂಡರು. ಕೌಟುಂಬಿಕ ನ್ಯಾಯಾಲಯ ಬೇಕು ಅಂತ 1953ರಿಂದಲೇ ಹೇಳಿದ್ದರು. ಆ ಕಾಯ್ದೆ ಬಂದದ್ದು ಅವರು ಹೋದ ಮೇಲೆ, 1984ರಲ್ಲಿ.

ಮಂಡಳಿಯ ಬಾಲವಾಡಿಗಳಲ್ಲಿ ನಡೆದ ಕೆಲಸದ ಎಷ್ಟೋ ಭಾಗ 1975ರಲ್ಲಿ ಶುರುವಾದ ಅಂಗನವಾಡಿಗಳ ಕೈಗೆ ಬಂತು. ಕೇಂದ್ರ ಸಮಾಜ ಕಲ್ಯಾಣ ಮಂಡಳಿಯನ್ನು 2022ರಲ್ಲಿ ಮುಚ್ಚಿದರು. ಮಂಡಳಿ ಮುಚ್ಚಿದ್ದರ ಬಗ್ಗೆ ನನಗೆ ಅಷ್ಟು ಬೇಜಾರಿಲ್ಲ, ಸಂಸ್ಥೆಗಳು ಹಳೇದಾಗುತ್ತವೆ. ಆ ಎರಡು ವರ್ಷದ ಕೋರ್ಸ್ ಅದರ ಜೊತೆಗೆ ಹೋಯಿತಲ್ಲ ಅನ್ನೋದಕ್ಕೆ ಬೇಜಾರಿದೆ.

ಯಾಕಂದರೆ ಆ ಗಂಟು ಇನ್ನೂ ಇದೆ, ಮೇಲಕ್ಕೆ ಹೋಗಿದೆ ಅಷ್ಟೇ. ನಮ್ಮ ರಾಜ್ಯದಲ್ಲಿ ಈಗ ಅಂಗನವಾಡಿ ಕಾರ್ಯಕರ್ತೆ ಆಗಬೇಕು ಅಂದರೆ ಪಿಯುಸಿ, ಸಹಾಯಕಿಗೆ ಎಸ್ಸೆಸ್ಸೆಲ್ಸಿ ಕೇಳುತ್ತಾರೆ. ಒಂಬತ್ತನೇ ಕ್ಲಾಸಿಗೆ ಮದುವೆ ಮಾಡಿಸಿಕೊಂಡು, ಈಗ ಇಪ್ಪತ್ತೆಂಟಕ್ಕೆ ಎರಡು ಮಕ್ಕಳ ಜೊತೆ ತವರಲ್ಲಿ ಕೂತಿರೋ ಹೆಂಗಸು ರಾಯಚೂರು, ಕಲಬುರಗಿ, ಚಾಮರಾಜನಗರದ ಯಾವ ಹಳ್ಳಿಯಲ್ಲಿ ಇಲ್ಲ? ಅವಳಿಗೆ ಕೆಲಸ ಊರಲ್ಲೇ ಇದೆ. ಸಿಗದೇ ಇರೋದು ಆ ಒಂದು ಸರ್ಟಿಫಿಕೇಟ್ ಇಲ್ಲದ್ದಕ್ಕೆ.

ಕಾನೂನಿನ ಅಡ್ಡಿ ಏನಿಲ್ಲ. ಎಸ್ಸೆಸ್ಸೆಲ್ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಕಟ್ಟಬಹುದು, ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕವೂ ಕಟ್ಟಬಹುದು. ಪರೀಕ್ಷೆ ಇದೆ, ಪುಸ್ತಕ ಇದೆ, ಈಗಂತೂ ಫೋನಿನಲ್ಲೇ ಪಾಠ ಇದೆ. ಇಲ್ಲದಿರೋದು ದುರ್ಗಾಬಾಯಿ ಮೊದಲು ಹುಡುಕಿದ ಆ ಎರಡು ವಸ್ತು: ಮನೆಗೆಲಸದಿಂದ ಬಿಡುವು ಕೊಡೋ ಒಂದು ಜಾಗ, ಓದೋ ಕಾಲಕ್ಕೆ ಹೊಟ್ಟೆಪಾಡಿನ ಖರ್ಚು. ತಾಲ್ಲೂಕಿಗೆ ಒಂದು ಮನೆ, ಇಪ್ಪತ್ತೈದು ಹೆಂಗಸರು, ಇಬ್ಬರು ನಿವೃತ್ತ ಟೀಚರು, ಚಿಕ್ಕ ಮಕ್ಕಳನ್ನು ನೋಡಿಕೊಳ್ಳೋಕೆ ಒಬ್ಬಳು, ಒಂದು ಅಡುಗೆಮನೆ. ಸ್ತ್ರೀಶಕ್ತಿ ಸಂಘಗಳ ಒಕ್ಕೂಟ, ಮಠದ ಹಾಸ್ಟೆಲ್, ಊರಿನ ಹಳೇ ಮಹಿಳಾ ಸಮಾಜ, ಇವುಗಳಲ್ಲಿ ಯಾವುದಕ್ಕಾದರೂ ಇದು ಕೈಲಾಗುವ ಕೆಲಸ. ಮಾಡುವವರು ಹೊಲಿಗೆ ಮಷೀನಿಂದ ಶುರು ಮಾಡಬೇಡಿ. ನಿಮ್ಮ ತಾಲ್ಲೂಕಿನಲ್ಲಿ ಅಂಗನವಾಡಿ, ಆಶಾ, ಶಾಲೆಯ ಬಿಸಿಯೂಟ, ಆಸ್ಪತ್ರೆ, ಗ್ರಂಥಾಲಯ ಇಲ್ಲೆಲ್ಲ ಎಷ್ಟು ಕೆಲಸ ಖಾಲಿ ಇದೆ, ಯಾವುದಕ್ಕೆ ಏನು ಓದಿರಬೇಕು ಅಂತ ಮೊದಲು ಒಂದು ಪಟ್ಟಿ ಮಾಡಿ. ಆಮೇಲೆ ಆ ಹಳ್ಳಿಗಳಿಗೇ ಹೋಗಿ ಶಾಲೆ ಬಿಟ್ಟವರು ಯಾರು ಅಂತ ಕೇಳಿ.